ನಿಮಗಿದು ಗೊತ್ತೇ? ಗೋಡೆ ಮೇಲಿನ ಪೆಟ್ಟಿಗೆಯೊಳಗೆ ಒಂದು ಚುರುಕು ತಲೆ!

ಗದಗ-ಬೆಟಗೇರಿಯ ಬ್ಯಾಂಕು, ಮುಂಡರಗಿಯ ಆಸ್ಪತ್ರೆ, ಲಕ್ಷ್ಮೇಶ್ವರದ ಕಾಲೇಜು, ಪಹಣಿ ತೆಗೆಸಲು ಹೋಗುವ ಶಿರಹಟ್ಟಿಯ ಕಚೇರಿ. ಎಲ್ಲಿ ಹೋದರೂ ಒಮ್ಮೆ ಗೋಡೆಯ ಮೇಲೆ ಕಣ್ಣಾಡಿಸಿ. ಹಸಿರು ದೀಪಗಳು ಪಿಳಿಪಿಳಿ ಅನ್ನುವ ಚಪ್ಪಟೆ ಪೆಟ್ಟಿಗೆಯೊಂದು ಕಂಡರೆ, ಅದೇ ನೆಟ್‌ವರ್ಕ್ ಸ್ವಿಚ್! ಕಂಪ್ಯೂಟರ್, ಪ್ರಿಂಟರ್, ಕ್ಯಾಮೆರಾಗಳನ್ನು ಒಂದಕ್ಕೊಂದು ಜೋಡಿಸುವುದು ಅದರ ಕೆಲಸ. ಅದು ‘ಮ್ಯಾನೇಜ್ಡ್’, ಅಂದರೆ ಅಪ್ಪಣೆ ಕೊಟ್ಟು ನಡೆಸಬಹುದಾದ ಜಾತಿಯದ್ದಾದರೆ ಒಳಗೆ ಅದರದೇ ಆದ ಆಪರೇಟಿಂಗ್ ಸಿಸ್ಟಮ್ ಇರುತ್ತದೆ. ಆ ಸಾಫ್ಟ್‌ವೇರ್ ಏನೇನು ಮಾಡುತ್ತದೆ ಗೊತ್ತೇ? ಕೇಳಿದರೆ ಬೆರಗಾಗುತ್ತೀರಿ. ಬನ್ನಿ!

ಹುಟ್ಟಿದ ಕತೆ

ಜಗತ್ತಿನ ಮೊದಲ ಈಥರ್ನೆಟ್ ಸ್ವಿಚ್ ಮಾಡಿದ ಕಂಪನಿಯ ಹೆಸರೇನು ಹೇಳಿ ನೋಡೋಣ. ಕಲ್ಪನಾ! ಹೌದು, ನಮ್ಮ ಮನೆಗಳಲ್ಲಿ ಇಡುವ ಹೆಸರೇ. ಅಮೆರಿಕದ ಸಿಲಿಕಾನ್ ವ್ಯಾಲಿಯಲ್ಲಿ ಭಾರತ ಮೂಲದ ವಿನೋದ್ ಭಾರದ್ವಾಜ್ ಗೆಳೆಯನೊಬ್ಬನ ಜೊತೆ ಕಂಪನಿ ಕಟ್ಟಿ, ಹೆಂಡತಿಯ ಹೆಸರನ್ನೇ ಅದಕ್ಕೆ ಇಟ್ಟರು. 1989-90ರ ಹೊತ್ತಿಗೆ ಹೊರಬಂದ ಆ ಸ್ವಿಚ್‌ಗೆ ಇದ್ದದ್ದು 7 ಪೋರ್ಟ್, ಅಂದರೆ ಕೇಬಲ್ ಚುಚ್ಚುವ ಕಿಂಡಿ, ಮಾತ್ರ. 1994ರಲ್ಲಿ ಸಿಸ್ಕೊ ಕಂಪನಿ ಕಲ್ಪನಾವನ್ನು ಕೊಂಡುಕೊಂಡಿತು!

ಸ್ವಿಚ್ ಬಂದದ್ದು ಆಮೇಲೆ. ಅದು ಓಡುವ ದಾರಿ, ಅಂದರೆ ಈಥರ್ನೆಟ್, ಹುಟ್ಟಿದ್ದು 1973ರಲ್ಲಿ. ಝೆರಾಕ್ಸ್ ಕಂಪನಿಯ ಸಂಶೋಧನಾಲಯದಲ್ಲಿ ರಾಬರ್ಟ್ ಮೆಟ್‌ಕಾಫ್ ಮೊದಲ ಟಿಪ್ಪಣಿ ಬರೆದರು. ಐವತ್ತು ವರ್ಷ ದಾಟಿದರೂ ನಿಮ್ಮೂರಿನ ಕಚೇರಿಯಲ್ಲಿ ಓಡುತ್ತಿರುವುದು ಅದರ ಮೊಮ್ಮಕ್ಕಳೇ!

ಸಾಫ್ಟ್‌ವೇರ್ ಆಜ್ಞೆಯ ಮೇಲೆ ಫೋನ್ ಕರೆಗಳನ್ನು ಜೋಡಿಸುವ ಸ್ವಿಚ್ಚೂ ಇದೆ. ಅಂಥ ಸ್ವದೇಶಿ ಟೆಲಿಫೋನ್ ಸ್ವಿಚ್ ಮೊದಲು ಬಂದ ಹಳ್ಳಿಯ ಹೆಸರು ಕೇಳಿದರೆ ನಮ್ಮ ಸೀಮೆಯವರ ಎದೆ ಉಬ್ಬಬೇಕು. ನಮ್ಮ ಕಿತ್ತೂರು! 1984ರಲ್ಲಿ ಹುಟ್ಟಿದ ಸಿ-ಡಾಟ್ ಸಂಸ್ಥೆ ತನ್ನ ಮೊದಲ 128 ಪೋರ್ಟಿನ ಗ್ರಾಮೀಣ ವಿನಿಮಯ ಕೇಂದ್ರವನ್ನು 1986ರ ಜುಲೈನಲ್ಲಿ ರಾಣಿ ಚನ್ನಮ್ಮನ ಊರಲ್ಲೇ ಶುರು ಮಾಡಿತು. ಬಿಸಿಲು, ಧೂಳು ಎರಡನ್ನೂ ತಾಳಿಕೊಂಡು, ಏರ್ ಕಂಡೀಷನರ್ ಇಲ್ಲದೆ ಓಡುವ ಯಂತ್ರ ಅದು!

ನೆನಪಿನ ಶಕ್ತಿ

ಸ್ವಿಚ್‌ಗೆ ಯಾರೂ ವಿಳಾಸದ ಪಟ್ಟಿ ಕೊಡಬೇಕಿಲ್ಲ. ತಾನೇ ಕಲಿಯುತ್ತದೆ! ಊರಿಗೆ ಹೊಸದಾಗಿ ಬಂದ ಅಂಚೆಯಣ್ಣ ಯಾವ ಮನೆಯಿಂದ ಯಾರ ಕಾಗದ ಹೊರಬಿತ್ತು ಎಂದು ನೋಡಿಕೊಂಡೇ ಊರೆಲ್ಲ ಗುರುತು ಮಾಡಿಕೊಂಡರೆ ಹೇಗೋ ಹಾಗೆ. ಯಾವ ಪೋರ್ಟಿನಿಂದ ಯಾವ ಯಂತ್ರ ಮಾತಾಡಿತು ಎಂದು ಗಮನಿಸಿ ಪಟ್ಟಿ ಬರೆದುಕೊಳ್ಳುತ್ತದೆ.

ಪಟ್ಟಿಯಲ್ಲಿ ಹೆಸರಿಲ್ಲದ ಯಂತ್ರಕ್ಕೆ ಸಂದೇಶ ಬಂದರೆ? ಬಂದ ಪೋರ್ಟ್ ಒಂದನ್ನು ಬಿಟ್ಟು ಉಳಿದ ಎಲ್ಲ ಪೋರ್ಟಿಗೂ ಕಳಿಸಿಬಿಡುತ್ತದೆ. ಬೇಕಾದವನು ಉತ್ತರ ಕೊಟ್ಟ ಕೂಡಲೇ ಅವನ ಜಾಗ ಬರೆದಿಟ್ಟುಕೊಳ್ಳುತ್ತದೆ. ಮುಂದಿನ ಸಲ ನೇರ ಅಲ್ಲಿಗೇ!

ಆದರೆ ಮರೆವೂ ಅಷ್ಟೇ ಬೇಗ. ಒಂದು ಕಂಪ್ಯೂಟರ್ 300 ಸೆಕೆಂಡ್, ಅಂದರೆ 5 ನಿಮಿಷ ಸುಮ್ಮನಿದ್ದರೆ ಸಾಕು, ಸಾಮಾನ್ಯವಾಗಿ ಸ್ವಿಚ್ ಅದರ ಹೆಸರು ಅಳಿಸಿಬಿಡುತ್ತದೆ. ಬೇಕೆಂದೇ ಇಟ್ಟ ಮರೆವು ಇದು. ಇಲ್ಲದಿದ್ದರೆ ಜಾಗ ಬದಲಿಸಿದ ಯಂತ್ರಕ್ಕೆ ಸಂದೇಶ ಹಳೆಯ ಮೂಲೆಗೇ ಹೋಗುತ್ತಿತ್ತು!

ಪ್ರತಿ ಯಂತ್ರಕ್ಕೂ ಕಾರ್ಖಾನೆಯಲ್ಲೇ 48 ಬಿಟ್‌ನ ಒಂದು ಮ್ಯಾಕ್ ವಿಳಾಸ ಬೀಳುತ್ತದೆ. ಹೀಗೆ ಎಷ್ಟು ವಿಳಾಸ ಮಾಡಬಹುದು ಗೊತ್ತೇ? 281 ಲಕ್ಷ ಕೋಟಿಗೂ ಹೆಚ್ಚು! ಅದರ ಮೊದಲ ಅರ್ಧ ನೋಡಿಯೇ ಯಾವ ಕಂಪನಿ ಮಾಡಿದ ಯಂತ್ರ ಎಂದು ಸಾಮಾನ್ಯವಾಗಿ ಹೇಳಬಹುದು.

ವೇಗ ಕೇಳಿ. ಒಂದು ಗಿಗಾಬಿಟ್ ಪೋರ್ಟ್ ತೀರ ಸಣ್ಣ ಸಂದೇಶಗಳನ್ನೇ ಸಾಲಾಗಿ ಸಾಗಿಸಿದರೆ ಸೆಕೆಂಡಿಗೆ 14,88,095 ಸಂದೇಶ ದಾಟುತ್ತವೆ. ನೀವು ಕಣ್ಣು ರೆಪ್ಪೆ ಬಡಿಯುವುದರೊಳಗೆ ಲಕ್ಷಗಟ್ಟಲೆ!

ಒಂದೇ ಪೆಟ್ಟಿಗೆ, ಹಲವು ನೆಟ್‌ವರ್ಕ್

ಒಂದೇ ಸ್ವಿಚ್ಚನ್ನು ಕತ್ತರಿಸದೆ, ಕೊರೆಯದೆ ಹತ್ತಾರು ಸ್ವಿಚ್ ಮಾಡಬಹುದು. ಬರೀ ಸಾಫ್ಟ್‌ವೇರ್‌ನಲ್ಲಿ! ಇದೇ ವಿಲ್ಯಾನ್. ಆಸ್ಪತ್ರೆಯ ಒಂದೇ ಪೆಟ್ಟಿಗೆಯಲ್ಲಿ ಎಕ್ಸ್-ರೇ ಯಂತ್ರ ಒಂದು ಗುಂಪು, ಬಿಲ್ಲಿನ ಕೌಂಟರ್ ಇನ್ನೊಂದು, ರೋಗಿಯ ಕಡೆಯವರ ವೈ-ಫೈ ಮತ್ತೊಂದು. ಒಬ್ಬರ ಮಾತು ಇನ್ನೊಬ್ಬರಿಗೆ ಕೇಳಿಸದು!

ಇಂಥ ಗುಂಪು ಎಷ್ಟು ಮಾಡಬಹುದು? 1998ರ ಐಇಇಇ 802.1ಕ್ಯೂ ನಿಯಮದ ಪ್ರಕಾರ 4094. ಲೆಕ್ಕಕ್ಕೆ 4096 ಆಗಬೇಕಿತ್ತು. ಮೊದಲನೆಯ ಮತ್ತು ಕೊನೆಯ ಅಂಕಿಗಳನ್ನು ತೆಗೆದಿರಿಸಿದ್ದಾರೆ.

ಯಾವ ಸಂದೇಶ ಯಾವ ಗುಂಪಿನದು ಎಂದು ಗುರುತಿಸಲು ಸ್ವಿಚ್ ಅದಕ್ಕೊಂದು ಚೀಟಿ ಅಂಟಿಸುತ್ತದೆ. ಆ ಚೀಟಿಯ ಗಾತ್ರ ಬರೀ 4 ಬೈಟ್. ಅಷ್ಟರಲ್ಲೇ ಗುಂಪಿನ ಅಂಕಿಯೂ ಇದೆ, ಅವಸರದ ಮಟ್ಟವೂ ಇದೆ!

ಹೌದು, ಅವಸರಕ್ಕೂ 8 ಮಟ್ಟಗಳಿವೆ. ಫೋನಿನ ಮಾತು, ವೈದ್ಯರ ವಿಡಿಯೊ ಸಲಹೆ ಮುಂದೆ ಹೋಗಲಿ, ದೊಡ್ಡ ಫೈಲಿನ ಡೌನ್‌ಲೋಡ್ ಹಿಂದೆ ನಿಲ್ಲಲಿ ಎಂದು ಸ್ವಿಚ್‌ಗೆ ಹೇಳಿಡಬಹುದು. ಸರತಿಯನ್ನು ಅದೇ ನೋಡಿಕೊಳ್ಳುತ್ತದೆ.

ಲಾಡ್ಜು, ಹಾಸ್ಟೆಲ್ಲುಗಳಿಗೆ ಇನ್ನೊಂದು ಸೊಗಸಾದ ಉಪಾಯವಿದೆ. ಪೋರ್ಟ್ ಐಸೊಲೇಷನ್ ಹಾಕಿದರೆ ಪ್ರತಿ ಕೋಣೆಗೂ ಇಂಟರ್ನೆಟ್ ಸಿಗುತ್ತದೆ. ಆದರೆ ಪಕ್ಕದ ಕೋಣೆಯ ಲ್ಯಾಪ್‌ಟಾಪ್ ಮಾತ್ರ ಕಾಣಿಸುವುದೇ ಇಲ್ಲ!

ಕಾಲೇಜಿನ 40 ಕಂಪ್ಯೂಟರ್‌ಗಳಲ್ಲಿ ಒಂದೇ ಪಾಠದ ನೇರಪ್ರಸಾರ ನೋಡಬೇಕೇ? 40 ಪ್ರತಿ ತರಿಸುವ ಅಗತ್ಯವಿಲ್ಲ. ಮಲ್ಟಿಕಾಸ್ಟ್ ಮಾಡಿದರೆ ಒಂದೇ ಪ್ರತಿ ಬರುತ್ತದೆ. ಯಾರು ಕೇಳಿದ್ದಾರೆ ಎಂದು ಸ್ವಿಚ್ ಕದ್ದು ಕೇಳಿಸಿಕೊಂಡು ಅವರ ಪೋರ್ಟಿಗಷ್ಟೇ ಹಂಚುತ್ತದೆ. ಐಜಿಎಂಪಿ ಸ್ನೂಪಿಂಗ್ ಅಂದರೆ ಇದೇ!

ಸುತ್ತು ಬಿತ್ತೋ, ಕೆಟ್ಟಿತು!

ಕೇಬಲ್ಲಿನ ಎರಡೂ ತುದಿಯನ್ನು ಒಂದೇ ಸ್ವಿಚ್‌ಗೆ ಚುಚ್ಚಿದರೆ ಏನಾಗುತ್ತದೆ? ರಕ್ಷಣೆ ಇಲ್ಲದಿದ್ದರೆ ಇಡೀ ಕಚೇರಿ ನಿಲ್ಲಬಹುದು! ಈಥರ್ನೆಟ್ ಸಂದೇಶಕ್ಕೆ ಆಯುಷ್ಯದ ಮಿತಿಯೇ ಇಲ್ಲ. ಎಲ್ಲರಿಗೂ ಎಂದು ಹೊರಟ ಒಂದೇ ಸಂದೇಶ ಸುತ್ತುತ್ತಲೇ ಇರುತ್ತದೆ, ನಿಲ್ಲುವುದೇ ಇಲ್ಲ. ‘ಸರ್ವರ್ ಇಲ್ರೀ, ನಾಳೆ ಬರ್ರಿ’ ಎಂಬ ಮಾತಿನ ಹಿಂದೆ ಕೆಲವೊಮ್ಮೆ ಎರಡು ಅಡಿಯ ಒಂದು ಕೇಬಲ್ ಇರಬಹುದು!

ಈ ರೋಗಕ್ಕೆ ಮದ್ದು ಕಂಡುಹಿಡಿದವರು ಒಬ್ಬ ಹೆಣ್ಣುಮಗಳು, ರೇಡಿಯಾ ಪರ್ಲ್‌ಮನ್. 1985ರಲ್ಲಿ ಡಿಜಿಟಲ್ ಇಕ್ವಿಪ್‌ಮೆಂಟ್ ಕಂಪನಿಯಲ್ಲಿದ್ದಾಗ ಸ್ಪ್ಯಾನಿಂಗ್ ಟ್ರೀ ವಿಧಾನವನ್ನು ಅವರು ರೂಪಿಸಿದ್ದು ಒಂದು ವಾರದೊಳಗೆ. ಸ್ವಿಚ್‌ಗಳು ತಮ್ಮತಮ್ಮಲ್ಲೇ ಮಾತಾಡಿಕೊಂಡು, ಸುತ್ತು ಬೀಳುವ ದಾರಿಯೊಂದನ್ನು ತಾವೇ ಮುಚ್ಚುತ್ತವೆ!

ಅದೇ ವಾರ ಅವರು ಇನ್ನೊಂದು ಕೆಲಸವನ್ನೂ ಮಾಡಿದರು. ತಮ್ಮ ವಿಧಾನದ ಮೇಲೆ ಒಂದು ಪದ್ಯ ಬರೆದರು! ಸಂಶೋಧನಾ ಪ್ರಬಂಧದಲ್ಲಿ ಸಾರಾಂಶ ಇರಬೇಕಾದ ಜಾಗದಲ್ಲಿ ಆ ಪದ್ಯವೇ ಅಚ್ಚಾಯಿತು. ವೀರನಾರಾಯಣನ ಸನ್ನಿಧಿಯಲ್ಲಿ ಕುಮಾರವ್ಯಾಸ ಕಾವ್ಯ ಬರೆದ ಊರಿನವರಿಗೆ ಈ ಸಂಗತಿ ಹಿಡಿಸದೇ ಇದ್ದೀತೇ!

ಸ್ವಿಚ್‌ಗಳ ನಡುವೆ ಚುನಾವಣೆಯೂ ನಡೆಯುತ್ತದೆ. ‘ರೂಟ್’ ಎಂಬ ಮುಖಂಡ ಬೇಕಲ್ಲ! ತಮಾಷೆ ಏನೆಂದರೆ ಇಲ್ಲಿ ಕಡಿಮೆ ಅಂಕಿ ಇದ್ದವರಿಗೇ ಗೆಲುವು. ಕಾರ್ಖಾನೆಯಿಂದ ಬರುವಾಗ ಎಲ್ಲರ ಅಂಕಿಯೂ 32768. ಸಮ ಆದಾಗ ಚಿಕ್ಕ ಮ್ಯಾಕ್ ವಿಳಾಸ ಇದ್ದದ್ದು ಗೆಲ್ಲುತ್ತದೆ. ಹೀಗಾಗಿ ಹಲವು ಸಲ ಮೂಲೆಯಲ್ಲಿ ಕೂತ ಹಳೆಯ, ನಿಧಾನದ ಪೆಟ್ಟಿಗೆಯೇ ಮುಖಂಡ! ಒಳ್ಳೆಯ ಎಂಜಿನಿಯರು ಈ ಅಂಕಿಯನ್ನು ಮೊದಲೇ ಬದಲಿಸಿ, ಗಟ್ಟಿ ಸ್ವಿಚ್ಚನ್ನೇ ಆರಿಸುತ್ತಾರೆ.

ಸ್ಪ್ಯಾನಿಂಗ್ ಟ್ರೀಯ ಮಿತಿಯನ್ನು ಕಡೆಗಣಿಸಿದರೆ ಏನಾಗುತ್ತದೆ? 2002ರ ನವೆಂಬರ್‌ನಲ್ಲಿ ಅಮೆರಿಕದ ಬಾಸ್ಟನ್‌ನ ಬೆತ್ ಇಸ್ರೇಲ್ ಡೀಕನೆಸ್ ಆಸ್ಪತ್ರೆಯ ನೆಟ್‌ವರ್ಕ್ ಸುಮಾರು ನಾಲ್ಕು ದಿನ ಕುಸಿಯಿತು. ಸ್ಪ್ಯಾನಿಂಗ್ ಟ್ರೀ ತಾಳಬಲ್ಲ ಮಿತಿಯನ್ನು ಮೀರಿ ಜಾಲ ಬೆಳೆದುಬಿಟ್ಟಿತ್ತು. ಅಂಥ ದೊಡ್ಡ ಆಸ್ಪತ್ರೆ ಮತ್ತೆ ಕಾಗದ, ಪೆನ್ನು ಹಿಡಿಯಬೇಕಾಯಿತು!

ಹಳೆಯ ಸ್ಪ್ಯಾನಿಂಗ್ ಟ್ರೀ ಹೊಸ ದಾರಿ ತೆರೆಯಲು 30ರಿಂದ 50 ಸೆಕೆಂಡ್ ತೆಗೆದುಕೊಳ್ಳುತ್ತಿತ್ತು. 2001ರಲ್ಲಿ ಬಂದ ರಾಪಿಡ್ ಸ್ಪ್ಯಾನಿಂಗ್ ಟ್ರೀಗೆ ಕೆಲವೇ ಸೆಕೆಂಡ್ ಸಾಕು. ಉಂಗುರದ ಆಕಾರದಲ್ಲಿ ಜೋಡಿಸಿ ಇಆರ್‌ಪಿಎಸ್ ಎಂಬ ನಿಯಮ ಹಾಕಿದರೆ? ಗುರಿ ಬರೀ 50 ಮಿಲಿಸೆಕೆಂಡ್. ಒಂದು ಸೆಕೆಂಡಿನ ಇಪ್ಪತ್ತನೇ ಒಂದು ಭಾಗ!

ಈ ಉಂಗುರ ಜೋಡಣೆ ಎಲ್ಲಿ ಬೇಕಾಗುತ್ತದೆ ಗೊತ್ತೇ? ಗಾಳಿ ವಿದ್ಯುತ್ ಗೋಪುರಗಳಲ್ಲಿ! ಕಪ್ಪತಗುಡ್ಡದ ಸೀಮೆಯಲ್ಲಿ ಸಾಲಾಗಿ ತಿರುಗುವ ರೆಕ್ಕೆಗಳನ್ನು ನೀವು ನೋಡಿಯೇ ಇರುತ್ತೀರಿ. ಇಂಥ ಗಾಳಿ ವಿದ್ಯುತ್ ಘಟಕಗಳಲ್ಲಿ ಸಾಮಾನ್ಯವಾಗಿ ಗೋಪುರದ ಒಳಗೇ ಒಂದು ಸ್ವಿಚ್ ಇರುತ್ತದೆ, ಗೋಪುರದಿಂದ ಗೋಪುರಕ್ಕೆ ಫೈಬರ್ ಹೋಗಿರುತ್ತದೆ. ಉಂಗುರದಲ್ಲಿ ಒಂದು ಕಡೆ ಫೈಬರ್ ತುಂಡಾದರೂ ಸಂದೇಶ ಇನ್ನೊಂದು ಕಡೆಯಿಂದ ಸುತ್ತಿ ಬರುತ್ತದೆ!

ಒಂದೇ ದಾರಿ ಸಾಲದಿದ್ದರೆ ಎರಡು ಸ್ವಿಚ್‌ಗಳ ನಡುವೆ ನಾಲ್ಕು ಕೇಬಲ್ ಎಳೆದು, ನಾಲ್ಕನ್ನೂ ಒಂದೇ ಎಂದು ಸಾಫ್ಟ್‌ವೇರ್‌ಗೆ ಹೇಳಬಹುದು. ಹೊರೆ ನಾಲ್ಕೂ ಕೇಬಲ್ಲಿಗೆ ಹಂಚಿಹೋಗುತ್ತದೆ. ಒಂದು ಕಡಿದರೆ ಉಳಿದ ಮೂರು ಎಳೆಯುತ್ತವೆ. ಈ ಉಪಾಯವನ್ನೂ ಮೊದಲು ತಂದದ್ದು ಅದೇ ಕಲ್ಪನಾ ಕಂಪನಿ!

ಮಾತಿನ ಜೊತೆ ಕರೆಂಟೂ

ಕ್ಯಾಮೆರಾಕ್ಕೆ ಬೇರೆ ಕರೆಂಟ್ ವೈರ್ ಬೇಡ! ನೆಟ್‌ವರ್ಕ್ ಕೇಬಲ್ಲಿನಲ್ಲೇ ವಿದ್ಯುತ್ ಹೋಗುತ್ತದೆ. ಇದೇ ಪಿಒಇ. 2003ರಲ್ಲಿ ಒಂದು ಪೋರ್ಟಿಗೆ 15.4 ವ್ಯಾಟ್ ಇದ್ದದ್ದು 2009ರಲ್ಲಿ 30 ಆಯಿತು, 2018ರಲ್ಲಿ 90ಕ್ಕೆ ಏರಿತು. ಬೆಟಗೇರಿಯ ಸೀರೆ ಅಂಗಡಿಯ ಕ್ಯಾಮೆರಾ, ವೈ-ಫೈ ಡಬ್ಬಿ, ಮೇಜಿನ ಮೇಲಿನ ಫೋನು ಎಲ್ಲಕ್ಕೂ ಒಂದೊಂದೇ ಕೇಬಲ್ ಸಾಕು!

ತಪ್ಪಿ ಬೇರೆ ಯಂತ್ರ ಚುಚ್ಚಿದರೆ ಸುಟ್ಟು ಹೋಗುವುದಿಲ್ಲವೇ? ಸ್ವಿಚ್ ಮೊದಲು ಅಲ್ಪ ವೋಲ್ಟೇಜ್ ಕಳಿಸಿ ಪರೀಕ್ಷೆ ಮಾಡುತ್ತದೆ. ಆ ತುದಿಯಲ್ಲಿ ಸುಮಾರು 25,000 ಓಮ್‌ನ ಗುರುತು ಸಿಕ್ಕರೆ ಮಾತ್ರ ಪೂರ್ತಿ ಕರೆಂಟ್. ಇಲ್ಲದಿದ್ದರೆ ಇಲ್ಲ!

ಶಿರಹಟ್ಟಿಯ ಫಕೀರೇಶ್ವರ ಜಾತ್ರೆಯ ದಿನ ಕಂಬದ ಮೇಲಿನ ಒಂದು ಕ್ಯಾಮೆರಾ ಮಂಕಾಯಿತು ಎನ್ನಿ. ಏಣಿ ಹತ್ತಬೇಕಿಲ್ಲ. ಕೂತಲ್ಲಿಂದಲೇ ಆ ಒಂದು ಪೋರ್ಟಿನ ಕರೆಂಟ್ ತೆಗೆದು ಮತ್ತೆ ಕೊಟ್ಟರೆ ಕ್ಯಾಮೆರಾ ಹೊಸದಾಗಿ ಎದ್ದು ಕೂರುತ್ತದೆ!

ಕೆಲಸವಿಲ್ಲದಾಗ ಸ್ವಿಚ್ ತೂಕಡಿಸುತ್ತದೆ. 2010ರ ವಿದ್ಯುತ್ ಉಳಿತಾಯದ ನಿಯಮ ಇರುವ ಪೋರ್ಟುಗಳು ಎರಡು ಸಂದೇಶಗಳ ನಡುವಿನ ಬಿಡುವಿನಲ್ಲೇ ಮಲಗಿ ಏಳುತ್ತವೆ. ಏಳಲು ಬೇಕಾಗುವುದು ಸೆಕೆಂಡಿನ ಲಕ್ಷದಲ್ಲಿ ಕೆಲವೇ ಭಾಗ!

ವೈದ್ಯನೂ ಹೌದು, ಕಾವಲುಗಾರನೂ ಹೌದು

ಗೋಡೆಯೊಳಗೆ ಇಲಿ ಕೇಬಲ್ ಕಡಿದಿದೆ. ಎಲ್ಲಿ? ಹಲವು ಸ್ವಿಚ್‌ಗಳು ಕೂತಲ್ಲಿಂದಲೇ ಹೇಳುತ್ತವೆ! ಕೇಬಲ್ಲಿನೊಳಗೆ ಒಂದು ಮಿಡಿತ ಕಳಿಸಿ, ಅದು ಹಿಂದಿರುಗಲು ಎಷ್ಟು ಹೊತ್ತಾಯಿತು ಎಂದು ಅಳೆದು, ಇಷ್ಟು ಮೀಟರ್ ದೂರದಲ್ಲಿ ತುಂಡಾಗಿದೆ ಎಂದು ಅಂದಾಜು ತೋರಿಸುತ್ತವೆ.

ತಾಮ್ರದ ಕೇಬಲ್ಲಿನ ಮಿತಿ 100 ಮೀಟರ್. ಫೈಬರ್‌ಗೋ? 80 ಕಿಲೋಮೀಟರಿನ ಬೆರಳುದ್ದದ ಮಾಡ್ಯೂಲ್‌ಗಳಿವೆ! ಗದಗದಿಂದ ಹುಬ್ಬಳ್ಳಿ 60 ಕಿಲೋಮೀಟರಿನ ಒಳಗೇ ಇದೆ. ನಡುವೆ ಇನ್ನೊಂದು ಸ್ವಿಚ್ ಇಲ್ಲದೆ ಅಷ್ಟು ದೂರ ಬೆಳಕು ಓಡಬಲ್ಲದು, ಅದೂ 9 ಮೈಕ್ರೋಮೀಟರ್‌ನ ಗಾಜಿನ ಎಳೆಯ ನಡುವೆ!

ಆ ಕಡೆಯಿಂದ ಬೆಳಕು ಎಷ್ಟು ಜೋರಾಗಿ ಬರುತ್ತಿದೆ, ಮಾಡ್ಯೂಲ್ ಎಷ್ಟು ಬಿಸಿಯಾಗಿದೆ ಎಂದೂ ಸಾಫ್ಟ್‌ವೇರ್ ಓದುತ್ತದೆ. ಬೆಳಕು ದಿನದಿನಕ್ಕೆ ಕುಗ್ಗುತ್ತಿದ್ದರೆ ಲೈನು ನಿಲ್ಲುವ ಮೊದಲೇ ನಿಮಗೆ ಸುಳಿವು!

ಏಪ್ರಿಲ್-ಮೇ ಬಿಸಿಲಿನಲ್ಲಿ ನಮ್ಮ ಕಡೆ ಮುಚ್ಚಿದ ಕೋಣೆ ಹೇಗೆ ಕಾಯುತ್ತದೆ ಎಂದು ನಿಮಗೇ ಗೊತ್ತು. ಬಹಳ ಸ್ವಿಚ್‌ಗಳಿಗೆ ಒಳಗೆ ತಾಪಮಾಪಕ ಇರುತ್ತದೆ. ಬಿಸಿ ಮಿತಿ ದಾಟಿದರೆ ಸ್ವಿಚ್ ತನ್ನ ಫ್ಯಾನ್ ಜೋರು ಮಾಡಿ, ಎಚ್ಚರಿಕೆ ಕಳಿಸುತ್ತದೆ. ಕಾರ್ಖಾನೆ, ಕಂಬಗಳಿಗೆಂದೇ ಮಾಡಿದ ಗಟ್ಟಿ ಸ್ವಿಚ್‌ಗಳು 75 ಡಿಗ್ರಿವರೆಗೂ ತಾಳುತ್ತವೆ!

ಒಂದೇ ಥರದ ಹತ್ತು ಸ್ವಿಚ್ ಸಾಲಾಗಿವೆ, ಕೆಟ್ಟದ್ದು ಯಾವುದು? ಸಾಫ್ಟ್‌ವೇರ್‌ನಲ್ಲಿ ಒಂದು ಗುಂಡಿ ಒತ್ತಿ. ಆ ಪೆಟ್ಟಿಗೆಯ ಮೇಲೆ ಗುರುತಿನ ದೀಪ ಮಿನುಗುತ್ತದೆ. ನಾನೇ ಅದು ಎಂದು!

ಸ್ವಿಚ್‌ಗಳು ನೆರೆಹೊರೆಯವರಿಗೆ ಪರಿಚಯ ಹೇಳಿಕೊಳ್ಳುತ್ತವೆ. ಎಲ್‌ಎಲ್‌ಡಿಪಿ ನಿಯಮದಂತೆ ಸಾಮಾನ್ಯವಾಗಿ 30 ಸೆಕೆಂಡಿಗೊಮ್ಮೆ ತಮ್ಮ ಹೆಸರು, ಪೋರ್ಟು ಹೇಳುತ್ತವೆ. ಇದನ್ನೇ ಕೂಡಿಸಿ ಇಡೀ ಕಟ್ಟಡದ ನಕ್ಷೆಯನ್ನು ತಂತಾನೇ ಬಿಡಿಸಬಹುದು!

ಯಾರೋ ಮನೆಯಿಂದ ವೈ-ಫೈ ಡಬ್ಬಿ ತಂದು ಕಚೇರಿಯ ಪೋರ್ಟಿಗೆ ಚುಚ್ಚಿದರು. ಅದು ಎಲ್ಲ ಕಂಪ್ಯೂಟರಿಗೂ ತಪ್ಪು ಐಪಿ ವಿಳಾಸ ಹಂಚತೊಡಗಿತು. ಕೆಲಸ ಕೆಟ್ಟಿತು! ಡಿಎಚ್‌ಸಿಪಿ ಸ್ನೂಪಿಂಗ್ ಹಾಕಿದ್ದರೆ ಈ ಆಟ ನಡೆಯದು. ನಂಬಿದ ಪೋರ್ಟು ಬಿಟ್ಟು ಬೇರೆಲ್ಲಿಂದ ವಿಳಾಸ ಹಂಚಿದರೂ ಸ್ವಿಚ್ ಅದನ್ನು ಬಾಗಿಲಲ್ಲೇ ಎಸೆಯುತ್ತದೆ.

ಈ ಪೋರ್ಟಿನಲ್ಲಿ ಇದೇ ಕಂಪ್ಯೂಟರ್ ಇರಬೇಕು ಎಂದು ಕಟ್ಟಪ್ಪಣೆ ಹಾಕಬಹುದು. ಬೇರೆ ಲ್ಯಾಪ್‌ಟಾಪ್ ಚುಚ್ಚಿದ ಕ್ಷಣವೇ ಪೋರ್ಟ್ ಬಂದ್!

ಅಪ್ಪಣೆ, ನೆನಪು, ಗಡಿಯಾರ

ಸೆಕೆಂಡಿಗೆ 1000 ಕೋಟಿ ಬಿಟ್ ಸಾಗಿಸುವ ಸ್ವಿಚ್‌ಗೂ ಮೊದಲ ದಿನ ಅಪ್ಪಣೆ ಕೊಡುವ ಕನ್ಸೋಲ್ ತಂತಿಯ ವೇಗ ಎಷ್ಟು ಗೊತ್ತೇ? ಬಹಳ ಕಡೆ ಇವತ್ತಿಗೂ 9600 ಬಿಟ್! ನಿಧಾನ ನಿಜ, ಆದರೆ ಎಲ್ಲ ಕೆಟ್ಟಾಗಲೂ ಕೈಹಿಡಿಯುವುದು ಅದೇ.

ಬಹಳ ಸ್ವಿಚ್‌ಗಳಲ್ಲಿ ಎರಡು ಪಟ್ಟಿ ಇರುತ್ತವೆ. ಈಗ ಓಡುತ್ತಿರುವುದು ಒಂದು, ಉಳಿಸಿಟ್ಟದ್ದು ಇನ್ನೊಂದು. ದಿನವಿಡೀ ಮಾಡಿದ ಬದಲಾವಣೆಯನ್ನು ‘ಸೇವ್’ ಮಾಡದೆ ಬಿಟ್ಟು, ರಾತ್ರಿ ಕರೆಂಟ್ ಹೋದರೆ? ಎಲ್ಲ ಮಾಯ!

ದೂರದ ಸ್ವಿಚ್‌ಗೆ ತಪ್ಪು ಅಪ್ಪಣೆ ಕೊಟ್ಟು ಸಂಪರ್ಕವೇ ಕಡಿದುಹೋದರೆ? ಜುನಿಪರ್ ಕಂಪನಿಯ ಜುನೋಸ್‌ನಲ್ಲಿ ಚೆಂದದ ಉಪಾಯವಿದೆ. ‘ಖಾತ್ರಿ ಕೇಳಿಕೊಂಡೇ ಜಾರಿ ಮಾಡು’ ಎಂದರೆ, 10 ನಿಮಿಷದೊಳಗೆ ನೀವು ಮತ್ತೆ ಹ್ಞೂಂ ಅನ್ನದಿದ್ದರೆ ತಾನೇ ಹಳೆಯ ಸ್ಥಿತಿಗೆ ಮರಳುತ್ತದೆ. ಗದಗದಲ್ಲಿ ಕೂತು ಮುಂಡರಗಿಯ ಸ್ವಿಚ್ ಕೆಡಿಸಿದರೂ ಬಸ್ಸು ಹತ್ತಬೇಕಿಲ್ಲ!

ಹೊಸ ಸಾಫ್ಟ್‌ವೇರ್ ಹಾಕುವಾಗ ಕೆಟ್ಟರೆ ಎಂಬ ಭಯವೇ? ಎಷ್ಟೋ ಸ್ವಿಚ್‌ಗಳು ಹಳೆಯದನ್ನೂ ಹೊಸದನ್ನೂ ಪಕ್ಕಪಕ್ಕ ಇಟ್ಟುಕೊಳ್ಳುತ್ತವೆ. ಹೊಸದು ಏಳದಿದ್ದರೆ ಹಳೆಯದು ಇದ್ದೇ ಇದೆ!

ಬ್ಯಾಟರಿ ಗಡಿಯಾರವಿಲ್ಲದ ಹಲವು ಸಿಸ್ಕೊ ಸ್ವಿಚ್‌ಗಳು ಕರೆಂಟ್ ಹೋಗಿ ಬಂದಾಗ ಯಾವ ತಾರೀಕು ತೋರಿಸುತ್ತವೆ ಗೊತ್ತೇ? 1993ರ ಮಾರ್ಚ್ 1! ಅದಕ್ಕೇ ಎನ್‌ಟಿಪಿ ಮೂಲಕ ಸರಿಯಾದ ಸಮಯ ಕಲಿಸಬೇಕು.

ಇದು ಬರೀ ಶೋಕಿಯಲ್ಲ. ಭಾರತ ಸರ್ಕಾರದ ಸರ್ಟ್-ಇನ್ ಸಂಸ್ಥೆ 2022ರ ಏಪ್ರಿಲ್ 28ರಂದು ಆದೇಶ ಹೊರಡಿಸಿದೆ. ಯಂತ್ರಗಳ ಗಡಿಯಾರ ಸರಿಹೊಂದಿರಬೇಕು, ಅವು ಬರೆದಿಡುವ ದಾಖಲೆಗಳನ್ನು 180 ದಿನ ಕಾಪಾಡಬೇಕು, ಸೈಬರ್ ಅವಘಡ ಗೊತ್ತಾದ 6 ಗಂಟೆಯೊಳಗೆ ತಿಳಿಸಬೇಕು!

ಆ ದಾಖಲೆಗಳಲ್ಲಿ ಅಪಾಯಕ್ಕೆ 0ಯಿಂದ 7ರವರೆಗೆ ಅಂಕಿ. 7 ಅಂದರೆ ಭಯಂಕರ ಅಂದುಕೊಂಡಿರಾ? ಉಲ್ಟಾ! 0 ಅಂದರೆ ಎಲ್ಲ ಮುಳುಗಿತು, 7 ಅಂದರೆ ದೋಷ ಹುಡುಕುವವರಿಗೆಂದು ಬರೆದ ಸಣ್ಣಪುಟ್ಟ ವಿವರ.

ಒಳಗಿರುವುದು ಯಾವುದು?

ಪೆಟ್ಟಿಗೆಯ ಒಳಗೆ ಹಲವು ಸಲ ಲಿನಕ್ಸ್ ಇದೆ! ಅರಿಸ್ಟಾ ಕಂಪನಿಯ ಇಒಎಸ್ ಲಿನಕ್ಸ್ ಮೇಲೆ ನಿಂತಿದೆ. ಜುನೋಸ್ ಬೆಳೆದದ್ದು ಫ್ರೀಬಿಎಸ್‌ಡಿ ಮೇಲೆ.

ಉಚಿತ ಸ್ವಿಚ್ ಓಎಸ್ ಕೂಡ ಇದೆ. ಹೆಸರು ಸೋನಿಕ್. ಮೈಕ್ರೋಸಾಫ್ಟ್ 2016ರಲ್ಲಿ ತೆರೆದಿಟ್ಟಿತು, 2022ರಲ್ಲಿ ಲಿನಕ್ಸ್ ಫೌಂಡೇಷನ್‌ಗೆ ಒಪ್ಪಿಸಿತು. ಮೂಲ ಕೋಡನ್ನು ಯಾರು ಬೇಕಾದರೂ ಓದಬಹುದು. ಗದಗದ ತೋಂಟದಾರ್ಯ, ಲಕ್ಷ್ಮೇಶ್ವರದ ಅಗಡಿ ಎಂಜಿನಿಯರಿಂಗ್ ಕಾಲೇಜಿನ ಹುಡುಗ-ಹುಡುಗಿಯರೇ, ನಿಮ್ಮ ಲ್ಯಾಪ್‌ಟಾಪಿನಲ್ಲೇ ಇದನ್ನು ಓಡಿಸಿ ಕಲಿಯಬಹುದು. ಸ್ವಿಚ್ ಕೊಳ್ಳಬೇಕಿಲ್ಲ!

ನೆಟ್‌ವರ್ಕ್ ಯಂತ್ರ ಮಾಡಲು ಅಮೆರಿಕಕ್ಕೇ ಹೋಗಬೇಕು ಅಂದುಕೊಂಡಿದ್ದೀರಾ? 2000ದಲ್ಲಿ ಶುರುವಾದ ತೇಜಸ್ ನೆಟ್‌ವರ್ಕ್ಸ್ ಇರುವುದು ನಮ್ಮ ಬೆಂಗಳೂರಿನಲ್ಲೇ. ಫೈಬರ್ ಮೇಲೆ ಓಡುವ ದೊಡ್ಡ ದೊಡ್ಡ ಯಂತ್ರಗಳನ್ನು ಅದೇ ವಿನ್ಯಾಸ ಮಾಡುತ್ತದೆ!

ಕೊನೆಯ ಅಚ್ಚರಿ ತುಸು ಗಾಬರಿಯದು. ಇಷ್ಟೆಲ್ಲ ಬುದ್ಧಿಯ ಸ್ವಿಚ್ಚನ್ನು ಎಷ್ಟೋ ಕಡೆ ಕಾರ್ಖಾನೆಯ ಪಾಸ್‌ವರ್ಡಿನಲ್ಲೇ ಬಿಟ್ಟಿರುತ್ತಾರೆ. ‘ಅಡ್ಮಿನ್, ಅಡ್ಮಿನ್’! 2016ರಲ್ಲಿ ಮಿರಾಯ್ ಎಂಬ ದುಷ್ಟ ಸಾಫ್ಟ್‌ವೇರ್ ಇಂಥ ಸುಮಾರು 60 ಕಾರ್ಖಾನೆ ಪಾಸ್‌ವರ್ಡುಗಳನ್ನು ಇಟ್ಟುಕೊಂಡೇ ಜಗತ್ತಿನ ಲಕ್ಷಾಂತರ ಕ್ಯಾಮೆರಾ, ರೌಟರುಗಳನ್ನು ವಶ ಮಾಡಿಕೊಂಡಿತು.

ಹಾಗಾಗಿ ನಿಮ್ಮ ಅಂಗಡಿ, ಶಾಲೆ, ಸಹಕಾರ ಸಂಘದಲ್ಲಿ ಮ್ಯಾನೇಜ್ಡ್ ಸ್ವಿಚ್ ಇದ್ದರೆ ಇವತ್ತೇ ನಾಲ್ಕು ಕೆಲಸ ಮಾಡಿಸಿ. ಪಾಸ್‌ವರ್ಡ್ ಬದಲಿಸಿ. ಸುತ್ತು ತಡೆಯುವ ಸ್ಪ್ಯಾನಿಂಗ್ ಟ್ರೀ ಚಾಲೂ ಇದೆಯೇ ನೋಡಿ. ಹೊರಗಿನವರ ವೈ-ಫೈಗೆ ಬೇರೆ ವಿಲ್ಯಾನ್ ಮಾಡಿಸಿ. ಕೊನೆಗೆ ‘ಸೇವ್’ ಒತ್ತುವುದನ್ನು ಮರೆಯಬೇಡಿ. ನಾಲ್ಕಕ್ಕೂ ಒಂದು ರೂಪಾಯಿಯ ಹೊಸ ಯಂತ್ರ ಬೇಕಿಲ್ಲ. ನೀವು ಕೊಟ್ಟ ದುಡ್ಡಿನಲ್ಲಿ ಇವೆಲ್ಲ ಮೊದಲೇ ಪೆಟ್ಟಿಗೆಯ ಒಳಗಿವೆ!